ಕುಂಡದ ಗಿಡಕ್ಕೆ ದ್ರವ ಗೊಬ್ಬರ: ತೂತಿನಲ್ಲಿ ಹರಿದುಹೋಗದಂತೆ ಕೊಡುವ ಲೆಕ್ಕ

ಸುರಿದ ದ್ರವ ಗೊಬ್ಬರ ಬೇರಿಗೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಗಿಡ ನೋಡಬೇಕಿಲ್ಲ, ಕುಂಡದ ತಳ ನೋಡಿದರೆ ಸಾಕು. ತಳದ ತೂತಿನಿಂದ ಕಂದು ನೀರು ಹರಿದು ತಾರಸಿಯ ಮೇಲೆ ಗೆರೆ ಎಳೆದಿದ್ದರೆ ಅಷ್ಟು ಗೊಬ್ಬರ ಮೋರಿ ಸೇರಿತು. ಹೊಲದಲ್ಲಾದರೆ ಬೇರಿನ ಕೈಗೆ ಸಿಗದ ಗೊಬ್ಬರ ಕೆಳಗಿನ ಮಣ್ಣಿನಲ್ಲಿ ಒಂದಿಷ್ಟು ದಿನ ನಿಂತಿರುತ್ತದೆ, ಆಳಕ್ಕಿಳಿದ ಬೇರು ಅದನ್ನು ಆಮೇಲೆ ಹುಡುಕಿಕೊಳ್ಳುತ್ತದೆ. ಕುಂಡದಲ್ಲಿ ಒಂದಡಿ ಮಣ್ಣು ಮುಗಿದರೆ ಮುಂದೆ ತೂತು, ಅಷ್ಟೆ. ಹಾಗಾಗಿ ಲೀಟರಿಗೆ ಎಷ್ಟು ಗ್ರಾಂ ಎಂದು ಕೇಳುವ ಮೊದಲು ಈ ಕುಂಡ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಬೇಕು. ಮೊದಲಿನದಕ್ಕೆ ಉತ್ತರ ಪೊಟ್ಟಣದ ಮೇಲೆಯೇ ಇರುತ್ತದೆ. ಎರಡನೆಯದನ್ನು ನಾವೇ ಅಳೆಯಬೇಕು.

ಕುಂಡ ಹಿಡಿಯುವಷ್ಟು

ಸಂಜೆ ಕುಂಡಕ್ಕೆ ಎಂದಿನಂತೆ ನೀರು ಹಾಕಿಡಿ. ಮರುದಿನ ಬೆಳಗ್ಗೆ ಮಣ್ಣು ತೇವವಾಗಿರುತ್ತದೆ, ಆದರೆ ತಳದಿಂದ ಒಸರುವುದು ನಿಂತಿರುತ್ತದೆ. ಆಗ ಒಂದು ಲೀಟರ್ ಬಾಟಲಿಗೆ 100 ಮಿ.ಲೀ.ಗೊಂದರಂತೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕಿ ಬರೀ ನೀರು ತುಂಬಿ. 100 ಮಿ.ಲೀ. ಹಾಕಿ, ಎರಡು ನಿಮಿಷ ಬಿಟ್ಟು ಮತ್ತೆ 100 ಹಾಕಿ. ತೂತಿನಲ್ಲಿ ಮೊದಲ ಹನಿ ಕಂಡಾಗ ಒಟ್ಟು ಎಷ್ಟು ಸುರಿದಿರಿ ಎಂದು ನೋಡಿ, ಅದರಲ್ಲಿ 100 ಕಳೆಯಿರಿ. ಉಳಿದದ್ದು ಆ ಕುಂಡದ ಅಳತೆ. ಅದನ್ನು ಕುಂಡದ ಮೈಮೇಲೆಯೇ ಬರೆದುಬಿಡಿ. ಕೈಯಳತೆಯ ಸಣ್ಣ ಕುಂಡಗಳಿಗೆ 100ರ ಬದಲು 25 ಮಿ.ಲೀ. ಲೆಕ್ಕದಲ್ಲಿ ಅಳೆಯಿರಿ.

ಅಂದಾಜಿಗೆ ಹೇಳುವುದಾದರೆ ಮಣ್ಣು, ಎರೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಿಶ್ರಣವಿರುವ 6 ಇಂಚಿನ ಕುಂಡಕ್ಕೆ 100ರಿಂದ 150 ಮಿ.ಲೀ., 9×9 ಇಂಚಿನ ಗ್ರೋ ಬ್ಯಾಗಿಗೆ 300ರಿಂದ 500, 12×12 ಇಂಚಿನದಕ್ಕೆ 700ರಿಂದ ಒಂದು ಲೀಟರ್. ನಿಮ್ಮ ಮಿಶ್ರಣ ಬೇರೆ ಇರಬಹುದು, ಆದ್ದರಿಂದ ಈ ಅಂಕಿಗಳನ್ನು ನಂಬಿ ಅಳೆಯುವುದನ್ನು ಬಿಡಬೇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಅಳೆಯುವುದೂ ಒಳ್ಳೆಯದು. ಬೇರು ತುಂಬಿಕೊಂಡಂತೆ, ಮಿಶ್ರಣ ಕುಸಿದಂತೆ ಕುಂಡ ಹಿಡಿಯುವ ನೀರು ಕಡಿಮೆಯಾಗುತ್ತದೆ.

12 ಇಂಚಿನ ಚೀಲಕ್ಕೆ 100 ಮಿ.ಲೀ. ಹಾಕುವಷ್ಟರಲ್ಲೇ ಹನಿ ಬಂದರೆ ಮಣ್ಣು ನೀರು ಕುಡಿಯುತ್ತಿಲ್ಲ ಎಂದರ್ಥ. ಕೆಂಪು ಮಣ್ಣು ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಸುರಿದದ್ದೆಲ್ಲ ಆ ಸಂದಿಯಲ್ಲಿ ನೇರ ತಳಕ್ಕಿಳಿಯುತ್ತದೆ. ಕೊಕೊಪೀಟ್ ಪೂರ್ತಿ ಒಣಗಿದರೆ ನೀರನ್ನೇ ಒಲ್ಲೆ ಎನ್ನುತ್ತದೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಎರಡಕ್ಕೂ ಮದ್ದು ಒಂದೇ. ಗೋಡೆಯ ಪಕ್ಕದ ಸಂದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ, ಮೇಲಿನ ಒಂದು ಇಂಚು ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಕೆದಕಿ, ಕುಂಡವನ್ನು ಅರ್ಧ ಗಂಟೆ ನೀರು ತುಂಬಿದ ಟಬ್ಬಿನಲ್ಲಿ ಕೂರಿಸಿ ತಳದಿಂದ ನೀರು ಕುಡಿಸಿ. ಇಷ್ಟಾದ ಮೇಲೂ ನೀರು ನಿಲ್ಲದಿದ್ದರೆ ಒಳಗೆ ಬೇರೇ ತುಂಬಿದೆ. ಅದಕ್ಕೆ ಬೇಕಿರುವುದು ದೊಡ್ಡ ಕುಂಡವೇ ಹೊರತು ಟಾನಿಕ್ ಅಲ್ಲ.

ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಣ ಬೇರಿನ ಸುತ್ತ ಲವಣದ ಸಾಂದ್ರತೆ ಏಕಾಏಕಿ ಏರಿದರೆ ನೀರು ಬೇರಿನೊಳಗೆ ಹೋಗುವ ಬದಲು ಬೇರಿನಿಂದಲೇ ಹೊರಗೆ ಬರುತ್ತದೆ, ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಸಂಜೆ ನೀರು, ಬೆಳಗ್ಗೆ ಗೊಬ್ಬರ ಎಂಬ ಕ್ರಮ ತಪ್ಪಿಸದಿದ್ದರೆ ಈ ಎರಡು ತೊಂದರೆಯೂ ಬರುವುದಿಲ್ಲ.

ಟಾನಿಕ್ ಬೇರೆ, ಗೊಬ್ಬರ ಬೇರೆ

ನರ್ಸರಿಯಲ್ಲಿ ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ಒಂದೇ ಮಾತಿನಲ್ಲಿ ಮಾರುತ್ತಾರೆ. 19:19:19ರಂಥ ನೀರಿನಲ್ಲಿ ಕರಗುವ ಪುಡಿ ಗಿಡಕ್ಕೆ ಊಟ: ಸಾರಜನಕ, ರಂಜಕ, ಪೊಟ್ಯಾಷ್, ಒಂದೊಂದೂ ಶೇಕಡಾ 19. ಕಡಲಪಾಚಿಯ ಸಾರ ಊಟವಲ್ಲ, ಟಾನಿಕ್. ಅದರಲ್ಲಿ ಪೋಷಕಾಂಶ ಅತ್ಯಲ್ಪ, ಬೇರು ಚಿಗುರುಗಳನ್ನು ಪ್ರಚೋದಿಸುವ ಅಂಶಗಳಿರುತ್ತವೆ. ಹ್ಯೂಮಿಕ್ ಆಮ್ಲ ಕೊಟ್ಟ ಗೊಬ್ಬರವನ್ನು ಹಿಡಿದಿಡಲು ನೆರವಾಗುತ್ತದೆ. ಹಸಿದ ಗಿಡಕ್ಕೆ ವಾರವಾರ ಕಡಲಪಾಚಿ ಸುರಿದು ಫಲ ಕಾಣಲಿಲ್ಲ ಎನ್ನುವುದು ನಾವು ಅತಿ ಹೆಚ್ಚು ಕೇಳುವ ದೂರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅದು.

ಹೂ ಉದುರದಂತೆ ಸಿಂಪಡಿಸುವ ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ) ದ್ರಾವಣ ಇನ್ನೂ ಬೇರೆಯೇ ಜಾತಿ, ಅದು ಹಾರ್ಮೋನು. 4.5 ಶೇಕಡಾದ ಬಾಟಲಿಯಿಂದ 1 ಮಿ.ಲೀ. ತೆಗೆದು 4.5 ಲೀಟರ್ ನೀರಿಗೆ ಹಾಕಿದರೆ ಹತ್ತು ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಆಗುತ್ತದೆ, ಮೆಣಸಿನ ಗಿಡಕ್ಕೆ ಅಷ್ಟು ಸಾಕು. ನಾಲ್ಕು ಗಿಡವಿರುವವರು 1 ಮಿ.ಲೀ. ಸಿರಿಂಜಿನಲ್ಲಿ 0.1 ಎಳೆದು 450 ಮಿ.ಲೀ. ನೀರಿಗೆ ಬೆರೆಸಬೇಕು. ಮುಚ್ಚಳದ ಅಂದಾಜಿನಲ್ಲಿ ಸುರಿದರೆ ಹಾಕಿದ ಉದ್ದೇಶಕ್ಕೆ ತಿರುಗುಬಾಣವಾಗುತ್ತದೆ: ಪ್ರಮಾಣ ಮೀರಿದ ಎನ್‌ಎಎ ಹೂವನ್ನು ತಾನೇ ಉದುರಿಸುತ್ತದೆ.

ಎಷ್ಟು ಬೆರೆಸಬೇಕು

19:19:19 ಪುಡಿಯನ್ನು ಬುಡಕ್ಕೆ ಹಾಕುವುದಾದರೆ ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ಇದರಲ್ಲಿ ಲೀಟರಿಗೆ 190 ಮಿಲಿಗ್ರಾಂ ಸಾರಜನಕ ಸಿಗುತ್ತದೆ, ಟೊಮೆಟೊ, ಬದನೆ, ಗುಲಾಬಿಗೆ ಧಾರಾಳ. ಹೊಲದ ಲೆಕ್ಕದಲ್ಲಿ ಹೇಳುವ ಲೀಟರಿಗೆ 5 ಗ್ರಾಂ ಪ್ರಮಾಣವನ್ನು ಕುಂಡದ ಬುಡಕ್ಕೆ ತರಬೇಡಿ. ಹೂ ಬಿಟ್ಟು ಕಾಯಿ ಕಚ್ಚಿದ ಮೇಲೆ ಒಂದು ವಾರ 19:19:19, ಮರುವಾರ 13:0:45 ಎಂದು ಬದಲಾಯಿಸಿ. 13:0:45 ಎಂದರೆ ಪೊಟ್ಯಾಸಿಯಂ ನೈಟ್ರೇಟ್, ಅದೂ ಲೀಟರಿಗೆ 1 ಗ್ರಾಂ.

ಈಗ ಒಂದು ಲೆಕ್ಕ ಹಾಕೋಣ. ತಾರಸಿಯಲ್ಲಿ 30 ಕುಂಡ, ಒಂದೊಂದಕ್ಕೆ 300 ಮಿ.ಲೀ. ಎಂದರೆ ಒಟ್ಟು 9 ಲೀಟರ್, ಅಂದರೆ ವಾರಕ್ಕೆ 9 ಗ್ರಾಂ ಪುಡಿ. ಒಂದು ಕಿಲೋ ಪೊಟ್ಟಣ 111 ವಾರ, ಎರಡು ವರ್ಷಕ್ಕೂ ಮಿಕ್ಕಿ ಬರುತ್ತದೆ. ನಿಮ್ಮ ಪೊಟ್ಟಣ ಆರು ತಿಂಗಳಲ್ಲಿ ಖಾಲಿಯಾಗುತ್ತಿದ್ದರೆ ನೀವು ಹಾಕುತ್ತಿರುವುದರಲ್ಲಿ ಮುಕ್ಕಾಲು ಪಾಲು ಹೆಚ್ಚುವರಿ.

ಅಳೆಯಲು ಸೂಜಿಯಿಲ್ಲದ 5 ಮಿ.ಲೀ. ಸಿರಿಂಜು, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಸಾಕು. ತಕ್ಕಡಿ ಇಲ್ಲದವರಿಗೆ ಒಂದು ಉಪಾಯ: 10 ಗ್ರಾಂ ಪುಡಿಯನ್ನು ಅಂಗಡಿಯಲ್ಲಿ ತೂಗಿಸಿ ತಂದು 100 ಮಿ.ಲೀ. ನೀರಿನಲ್ಲಿ ಕರಗಿಸಿ. ಅದರ 10 ಮಿ.ಲೀ.ನಲ್ಲಿ 1 ಗ್ರಾಂ ಇರುತ್ತದೆ, ಮುಂದೆ ಎಲ್ಲವನ್ನೂ ಸಿರಿಂಜಿನಲ್ಲೇ ಅಳೆಯಬಹುದು. ಈ ಗಟ್ಟಿ ದ್ರಾವಣವನ್ನು ಅದೇ ದಿನ ಬಳಸಿ. ಚಮಚದ ಲೆಕ್ಕದಲ್ಲಿ ನಂಬಿಕೆ ಕಡಿಮೆ. ಗೋಪುರ ತುಂಬಿದ ಚಮಚಕ್ಕೂ ಮಟ್ಟಸ ಚಮಚಕ್ಕೂ ದುಪ್ಪಟ್ಟು ವ್ಯತ್ಯಾಸ ಬರುತ್ತದೆ.

ಕಡಲಪಾಚಿ ಸಾರ ಲೀಟರಿಗೆ 2 ಮಿ.ಲೀ., ಹದಿನೈದು ದಿನಕ್ಕೊಮ್ಮೆ. ಪಂಚಗವ್ಯ ಶೇಕಡಾ 3, ಅಂದರೆ ಲೀಟರಿಗೆ 30 ಮಿ.ಲೀ. ಎರೆಜಲ (ಎರೆಹುಳು ತೊಟ್ಟಿಯಿಂದ ಇಳಿಸಿದ ನೀರು) ಒಂದು ಪಾಲಿಗೆ ಹತ್ತು ಪಾಲು ನೀರು. ಹರಿವೆ, ಮೆಂತ್ಯ, ಕೊತ್ತಂಬರಿಯಂಥ ತಿಂಗಳ ಬೆಳೆಗೆ ಮಿಶ್ರಣದಲ್ಲಿ ಎರೆಗೊಬ್ಬರ ಚೆನ್ನಾಗಿದ್ದರೆ ಒಂದೇ ಸಲ ಕೊಟ್ಟರೂ ನಡೆಯುತ್ತದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟಿಗೆ ಎರಡು ತಿಂಗಳಿಗೊಮ್ಮೆ ಅರ್ಧ ಪ್ರಮಾಣ ಸಾಕು. ಆಗಷ್ಟೇ ಕುಂಡ ಬದಲಿಸಿದ ಗಿಡಕ್ಕೆ ಎರಡು ಮೂರು ವಾರ ಏನೂ ಬೇಡ. ಬಾಡಿದ ಗಿಡಕ್ಕೂ ಬೇಡ, ಬೇರು ಕೊಳೆತು ಬಾಡಿದ್ದರಂತೂ ಗೊಬ್ಬರ ಅದನ್ನು ಬೇಗ ಕೊಲ್ಲುತ್ತದೆ. ಹೇನು ಹತ್ತಿದ ಗಿಡಕ್ಕೆ ಸಾರಜನಕ ಕೊಟ್ಟರೆ ಎಳೆ ಚಿಗುರು ಇನ್ನಷ್ಟು ಬಂದು ಹೇನಿಗೇ ಹಬ್ಬ.

ಬೆರೆಸುವಾಗ ಆಗುವ ನಷ್ಟ

ತೂತಿನಲ್ಲಿ ಹರಿದದ್ದು ಕಣ್ಣಿಗೆ ಕಾಣುತ್ತದೆ. ಬಕೆಟ್ಟಿನ ತಳದಲ್ಲಿ ಬಿಳಿ ಗಸಿಯಾಗಿ ಕೂತದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನು 19:19:19 ಜೊತೆ ಬೆರೆಸಿದರೆ ಕ್ಯಾಲ್ಸಿಯಂ ರಂಜಕದ ಜೊತೆ ಸೇರಿ ಕರಗದ ಪುಡಿಯಾಗುತ್ತದೆ. ಎಪ್ಸಮ್ ಉಪ್ಪಿನ (ಮೆಗ್ನೀಸಿಯಂ ಸಲ್ಫೇಟ್) ಜೊತೆ ಬೆರೆಸಿದರೆ ಜಿಪ್ಸಂ ಆಗಿ ಕೂರುತ್ತದೆ. ಬೆಲೆ ಕೊಟ್ಟ ಎರಡೂ ಗೊಬ್ಬರ ಹೋಯಿತು, ಸ್ಪ್ರೇಯರಿನ ಮೂತಿಯೂ ಕಟ್ಟಿತು. ಟೊಮೆಟೊ ಕಾಯಿಯ ತಳ ಕಪ್ಪಾಗುವುದಕ್ಕೆ ಕ್ಯಾಲ್ಸಿಯಂ ಕೊಡುವುದಿದ್ದರೆ ಅದಕ್ಕೆ ಬೇರೆ ದಿನ ಇಡಿ. ಅಂದಹಾಗೆ ಆ ರೋಗಕ್ಕೆ ಅರ್ಧ ಕಾರಣ ನೀರು ಹಾಕುವುದರಲ್ಲಿನ ಏರುಪೇರು, ಅದನ್ನು ಸರಿಪಡಿಸದೆ ಕ್ಯಾಲ್ಸಿಯಂ ಸುರಿದು ಉಪಯೋಗವಿಲ್ಲ.

ಯಾವುದನ್ನು ಯಾವುದರ ಜೊತೆ ಬೆರೆಸಬಹುದೆಂಬ ಅನುಮಾನ ಬಂದರೆ ಗಾಜಿನ ಲೋಟದಲ್ಲಿ ಸ್ವಲ್ಪ ಬೆರೆಸಿ ಅರ್ಧ ಗಂಟೆ ಇಡಿ. ಹಾಲಿನಂತೆ ಮಬ್ಬಾದರೆ ಅಥವಾ ತಳದಲ್ಲಿ ಗಸಿ ನಿಂತರೆ ಆ ಜೋಡಿ ಬೇಡ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕಬ್ಬಿಣದ ಅಂಶ ಗಿಡಕ್ಕೆ ಸಿಗುವುದು ಕಷ್ಟ. ಹೊಸ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಇದೇ ಇರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕ ವೆಜಿಟಬಲ್ ಸ್ಪೆಷಲ್ ಎಂಬ, ಕಬ್ಬಿಣ, ಸತುವಿನಂಥ ಲಘು ಪೋಷಕಾಂಶಗಳ ಪುಡಿಯನ್ನು ಸಿಂಪಡಿಸುವಾಗ 15 ಲೀಟರಿನ ಟ್ಯಾಂಕಿಗೆ ಎರಡು ನಿಂಬೆಹಣ್ಣಿನ ರಸ, ಒಂದು ಶಾಂಪೂ ಸ್ಯಾಶೆ ಸೇರಿಸಲು ಹೇಳುತ್ತಾರೆ. ರಸ ನೀರಿನ ಕ್ಷಾರ ತಗ್ಗಿಸುತ್ತದೆ, ಶಾಂಪೂ ಹನಿ ಎಲೆಗೆ ಅಂಟುವಂತೆ ಮಾಡುತ್ತದೆ. ಒಂದು ಲೀಟರಿಗೆ ಲೆಕ್ಕ ಇಳಿಸಿದರೆ ರಸ ಅರ್ಧ ಚಮಚ, ಶಾಂಪೂ ಕೆಲವೇ ಹನಿ. ಪುಡಿಯ ಪ್ರಮಾಣ ಬೆಳೆಯಿಂದ ಬೆಳೆಗೆ ಬೇರೆ, ಪೊಟ್ಟಣ ನೋಡಿಕೊಳ್ಳಿ.

ಜೀವಾಣು ಗೊಬ್ಬರಗಳದ್ದು ಬೇರೆ ಕಷ್ಟ. ನಲ್ಲಿ ನೀರಿನ ಕ್ಲೋರಿನ್ ಸೂಕ್ಷ್ಮಜೀವಿಗಳಿಗೆ ಆಗದು. ಬಕೆಟ್ಟಿನಲ್ಲಿ ಒಂದು ರಾತ್ರಿ ತೆರೆದಿಟ್ಟ ನೀರಿನಲ್ಲಿ ಬೆರೆಸಿ, ಅದೇ ದಿನ ಸಂಜೆ ಹಾಕಿ ಮುಗಿಸಿ. ಅವನ್ನು ಶಿಲೀಂಧ್ರನಾಶಕ ಹಾಕಿದ ವಾರದಲ್ಲೇ ಕೊಡುವುದು ದುಡ್ಡು ಸುಟ್ಟ ಹಾಗೆ.

ಸುರಿಯುವ ಕೈ

ಮಗ್ಗಿನಲ್ಲಿ ಒಂದೇ ಸಲ ಸುರಿದರೆ ಯಾವ ಅಳತೆಯೂ ನಿಲ್ಲುವುದಿಲ್ಲ. ನೀರು ಮೇಲೆ ಕೆರೆಯಾಗಿ ನಿಂತು ಅತಿ ಸುಲಭದ ದಾರಿ ಹುಡುಕಿ ಇಳಿಯುತ್ತದೆ. ಕುಂಡದ ಅಳತೆಯನ್ನು ಮೂರು ಪಾಲು ಮಾಡಿ. ಮೊದಲ ಪಾಲನ್ನು ಎಲ್ಲ ಕುಂಡಗಳಿಗೂ ಹಾಕಿಕೊಂಡು ಹೋಗಿ, ಕೊನೆಯ ಕುಂಡ ಮುಗಿಯುವಷ್ಟರಲ್ಲಿ ಮೊದಲನೆಯದು ಹೀರಿಕೊಂಡಿರುತ್ತದೆ, ಅಲ್ಲಿಂದ ಎರಡನೆಯ ಸುತ್ತು. ಸೋಡಾ ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಲ್ಲಿ ಆರೇಳು ತೂತು ಚುಚ್ಚಿಕೊಂಡರೆ ಸಣ್ಣ ಧಾರೆ ಸಿಗುತ್ತದೆ, ಗೆರೆ ಹಾಕಿದ ಬಾಟಲಿಯೇ ಅಳತೆಯ ಪಾತ್ರೆಯೂ ಆಗುತ್ತದೆ.

ಕಾಂಡದ ಬುಡಕ್ಕೆ ಸುರಿಯಬೇಡಿ, ಗೋಡೆಗೆ ತಾಗಿಸಿಯೂ ಬೇಡ. ಎರಡರ ನಡುವೆ ಉಂಗುರದಂತೆ ಸುತ್ತುವರಿದು ಹಾಕಿ. ಒಣ ಎಲೆ, ತೆಂಗಿನ ನಾರು ಮುಚ್ಚಿಗೆ ಹಾಕಿದ್ದರೆ ಪಕ್ಕಕ್ಕೆ ಸರಿಸಿ ಸುರಿದು ಮತ್ತೆ ಮುಚ್ಚಿ, ಇಲ್ಲವಾದರೆ ಮುಚ್ಚಿಗೆಯೇ ಅರ್ಧ ಕುಡಿದುಬಿಡುತ್ತದೆ. ಮಣ್ಣಿನ ಮಟ್ಟ ಕುಂಡದ ಅಂಚಿನಿಂದ ಕನಿಷ್ಠ ಒಂದೂವರೆ ಇಂಚು ಕೆಳಗಿರಬೇಕು. ಅಂಚಿನವರೆಗೆ ತುಂಬಿದ ಕುಂಡದಲ್ಲಿ ಗೊಬ್ಬರ ತೂತಿನಿಂದಲ್ಲ, ಮೇಲಿನಿಂದಲೇ ಚೆಲ್ಲುತ್ತದೆ.

ಬೇಸಿಗೆಯಲ್ಲಿ ಊರಿಗೆ ಹೋಗುವವರು, ದೊಡ್ಡ ಕುಂಡದ ಹಣ್ಣಿನ ಗಿಡ ಇಟ್ಟವರು ಡ್ರಿಪ್ ಸೆಟ್ ಬಳಸಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್‌ನ ನಳಿಕೆಯೇ ಇದು. ಸಾಮಾನ್ಯ ಸೆಟ್ಟಿನಲ್ಲಿ ಸುಮಾರು 20 ಹನಿಗೆ 1 ಮಿ.ಲೀ. ನಿಮಿಷಕ್ಕೆ 60 ಹನಿ ಬಿಟ್ಟರೆ ಗಂಟೆಗೆ 180 ಮಿ.ಲೀ., ಅರ್ಧ ಲೀಟರ್ ಇಳಿಯಲು ಮೂರು ಗಂಟೆಗೆ ಸ್ವಲ್ಪ ಕಡಿಮೆ. ಇಷ್ಟು ನಿಧಾನವಾಗಿ ಇಳಿದದ್ದು ಪೋಲಾಗುವ ಮಾತೇ ಇಲ್ಲ. ಆದರೆ ಇದರಲ್ಲಿ ಕರಗುವ ಪುಡಿಯ ತಿಳಿ ದ್ರಾವಣ ಮಾತ್ರ ಹಾಕಿ. ಜೀವಾಮೃತ, ಹಿಂಡಿ ನೀರು ಎಷ್ಟು ಸೋಸಿದರೂ ಎರಡೇ ದಿನದಲ್ಲಿ ನಳಿಕೆ ಕಟ್ಟುತ್ತದೆ.

ಕುಂಡದ ಕೆಳಗೆ ತಟ್ಟೆ ಇದ್ದರೆ ಅದರಲ್ಲಿ ಇಳಿದದ್ದನ್ನು ಅದೇ ಕುಂಡಕ್ಕೆ ಮರಳಿ ಹಾಕಿ, ಅರ್ಧ ಗಂಟೆಯೊಳಗೆ. ಒಂದು ಕುಂಡದ ನೀರನ್ನು ಇನ್ನೊಂದಕ್ಕೆ ಹಾಕಬೇಡಿ. ಟೊಮೆಟೊ, ಬದನೆಯ ದುಂಡಾಣು ಸೊರಗು ರೋಗ ಹೀಗೇ ಹರಡುತ್ತದೆ. ತಟ್ಟೆಯಲ್ಲಿ ನೀರು ಬಿಟ್ಟರೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ, ಬೇರೂ ಕೊಳೆಯುತ್ತದೆ.

ಎಲೆಗೆ ಸಿಂಪಡಿಸುವಾಗ

ಬೆಳಗ್ಗೆ ಎಂಟೂವರೆಯ ಒಳಗೆ ಅಥವಾ ಸಂಜೆ ಐದರ ಮೇಲೆ. ಬಿಸಿಲಿನಲ್ಲಿ ಹನಿ ಒಣಗಿದರೆ ಪುಡಿ ಎಲೆಯ ಮೇಲೆ ಉಳಿದು ಸುಡುತ್ತದೆ, ಒಳಗೆ ಹೋಗುವುದಿಲ್ಲ. ಮಂಜಿನಂತೆ ಸಿಂಪಡಿಸುವ ಮೂತಿ ಬೇಕು. ಎಲೆಯ ತುದಿಯಿಂದ ಹನಿ ತೊಟ್ಟಿಕ್ಕಲು ಶುರುವಾಯಿತೆಂದರೆ ಅದಾಗಲೇ ಹೆಚ್ಚಾಯಿತು. ಎಲೆಯ ಅಡಿಭಾಗಕ್ಕೆ ಹೆಚ್ಚು ಗಮನ ಕೊಡಿ, ಪತ್ರರಂಧ್ರಗಳು ಬಹುಪಾಲು ಅಲ್ಲೇ ಇರುವುದು. ಕೋಸು, ಕೆಸುವಿನಂಥ ಮೇಣದ ಎಲೆಗೆ ಶಾಂಪೂ ಹನಿ ಇಲ್ಲದೆ ಸಿಂಪಡಿಸಿದರೆ ಹನಿ ಮುತ್ತಿನಂತೆ ಉರುಳಿ ನೆಲಕ್ಕೆ ಬೀಳುತ್ತದೆ. ಮುಂದಿನ ನಾಲ್ಕೈದು ಗಂಟೆ ಮಳೆ ಬರುವ ಸೂಚನೆ ಇದ್ದರೆ ಬಿಡಿ. ಸಾಮಾನ್ಯ ಗೊಬ್ಬರಕ್ಕೆ ಎಲೆಯ ದಾರಿ ಪೂರಕ ಮಾತ್ರ. ಲಘು ಪೋಷಕಾಂಶಕ್ಕೆ ಮಾತ್ರ ಅದು ಸರಿಯಾದ ದಾರಿ, ಏಕೆಂದರೆ ಬೇಕಿರುವುದೇ ಚೂರು.

ಹಿಂಡಿ ನೀರು, ಜೀವಾಮೃತ

100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ ನೆರಳಿನಲ್ಲಿಡಿ, ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ನಾಲ್ಕನೆಯ ದಿನ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ ಹತ್ತು ಪಾಲು ನೀರು ಬೆರೆಸಿ. ಸೋಸದೆ ಸುರಿದರೆ ಗಸಿ ಮಣ್ಣಿನ ಮೇಲೆ ಪದರ ಕಟ್ಟುತ್ತದೆ. ಮುಂದಿನ ಸಲದ ನೀರು ಇಳಿಯುವುದಿಲ್ಲ, ಇರುವೆ ಮತ್ತು ಗುಂಗುರು ಬರುತ್ತವೆ, ವಾಸನೆಗೆ ಪಕ್ಕದ ಮನೆಯವರೂ ಬರುತ್ತಾರೆ. ಸೋಸಿ ಉಳಿದ ಗಸಿ ಎಸೆಯುವಂಥದ್ದಲ್ಲ, ಕಾಂಪೋಸ್ಟ್ ಡಬ್ಬಿಗೆ ಹಾಕಿ.

ಜೀವಾಮೃತವನ್ನು ಸಹಜ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳಿದ್ದು 200 ಲೀಟರ್ ಡ್ರಮ್ಮಿನ ಲೆಕ್ಕದಲ್ಲಿ. ತಾರಸಿಗೆ 10 ಲೀಟರ್ ಸಾಕು: ಅರ್ಧ ಕಿಲೋ ನಾಟಿ ಹಸುವಿನ ಸಗಣಿ, ಕಾಲು ಲೀಟರಿನಿಂದ ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ರಾಸಾಯನಿಕ ಬೀಳದ ಜಾಗದ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಬೆಳಗ್ಗೆ ಸಂಜೆ ತಿರುವಿದರೆ ಎರಡು ದಿನದಲ್ಲಿ ಸಿದ್ಧ. ಗೋಣಿಚೀಲ ಮುಚ್ಚಿ, ಬಿಗಿ ಮುಚ್ಚಳ ಬೇಡ. ಹುದುಗುವ ಯಾವ ದ್ರಾವಣವನ್ನೂ ಬಾಟಲಿಯಲ್ಲಿ ಬಿಗಿದಿಡಬಾರದು, ಅನಿಲ ತುಂಬಿ ಸಿಡಿಯುತ್ತದೆ. ಒಂದು ವಾರದೊಳಗೆ ಮುಗಿಸಿ, ಕುಂಡಕ್ಕೆ ಹತ್ತು ಪಟ್ಟು ನೀರು ಬೆರೆಸಿ ಕೊಡಿ. ಹತ್ತು ಕುಂಡವಿರುವವರು ಇದರ ಅರ್ಧ ಮಾಡಿಕೊಂಡರೂ ಹೆಚ್ಚೇ.

ಅಕ್ಕಿ ತೊಳೆದ ನೀರು ಅದೇ ದಿನ ಹಾಕುವುದಾದರೆ ಒಳ್ಳೆಯದು, ಆದರೆ ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯಿರಿ, ಗೊಬ್ಬರದ ಲೆಕ್ಕಕ್ಕಲ್ಲ. ಬಾಳೆಸಿಪ್ಪೆ ನೆನೆಸಿದ ನೀರಿಗಿಂತ ಸಿಪ್ಪೆಯನ್ನೇ ಕಾಂಪೋಸ್ಟಿಗೆ ಹಾಕುವುದು ಲೇಸು. ಉಪ್ಪು ಹಾಕಿ ತರಕಾರಿ ಬೇಯಿಸಿದ ನೀರು ಮಾತ್ರ ಕುಂಡದ ಹತ್ತಿರವೂ ಬೇಡ.

ತಿಂಗಳಿಗೊಮ್ಮೆ ತೊಳೆಯುವುದು, ಮಳೆಗಾಲ

ಒಂದು ಹನಿಯೂ ಹೊರಗೆ ಹೋಗದಂತೆ ಕೊಡುತ್ತಾ ಹೋದರೆ ಗಿಡ ಬಳಸದ ಲವಣ ಒಳಗೇ ಉಳಿಯುತ್ತದೆ. ಮಣ್ಣಿನ ಕುಂಡದ ಮೈಮೇಲೆ ಬಿಳಿ ಹುಡಿ, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಅದೇ. ಅದಕ್ಕಾಗಿ ತಿಂಗಳಿಗೊಮ್ಮೆ ಬರೀ ನೀರನ್ನು ತಳದಿಂದ ಚೆನ್ನಾಗಿ ಹರಿಯುವಷ್ಟು ಹಾಕಬೇಕು, 9 ಲೀಟರ್ ಮಿಶ್ರಣ ಹಿಡಿಯುವ ಚೀಲಕ್ಕೆ 15ರಿಂದ 18 ಲೀಟರ್, ಎರಡು ಮೂರು ಕಂತಿನಲ್ಲಿ. ಇದನ್ನು ಯಾವ ದಿನ ಮಾಡುತ್ತೀರಿ ಎಂಬುದು ಮುಖ್ಯ. ಗೊಬ್ಬರ ಕೊಟ್ಟ ಮರುದಿನ ತೊಳೆದರೆ ಎಲ್ಲ ಹೋಯಿತು. ಮುಂದಿನ ಗೊಬ್ಬರದ ಹಿಂದಿನ ದಿನ ತೊಳೆದರೆ ಹೋಗುವುದು ಗಿಡ ಬಿಟ್ಟ ಎಂಜಲು ಮಾತ್ರ. ಇಷ್ಟು ನೀರು ಚೆಲ್ಲಲು ಮನಸ್ಸಾಗದಿದ್ದರೆ ಬೆಂಗಳೂರಿನಂಥ ಕಡೆ ಮೇ ತಿಂಗಳ ಜೋರು ಮಳೆಗೆ ಒಂದು ಸಲ ಕುಂಡ ಹೊರಗಿಡಿ, ಅದೇ ತೊಳೆದುಕೊಡುತ್ತದೆ.

ಬಿಟ್ಟೂ ಬಿಡದೆ ಸುರಿಯುವ ಮಳೆಯಲ್ಲಿ ದ್ರವ ಗೊಬ್ಬರಕ್ಕೆ ಅರ್ಥವಿಲ್ಲ. ಕೊಟ್ಟ ಸಾರಜನಕದಲ್ಲಿ ನೈಟ್ರೇಟ್ ರೂಪದ್ದನ್ನು ಮಣ್ಣು ಹಿಡಿದಿಡಲಾರದು, ಒಂದು ಒಳ್ಳೆಯ ಮಳೆಗೆ ಅದು ಮೊದಲು ಕೊಚ್ಚಿಹೋಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ತೆರೆದ ಕುಂಡಗಳಿಗೆ ಬಾಟಲಿ ಬದಿಗಿಟ್ಟು, 12 ಇಂಚಿನ ಚೀಲಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಚಮಚ ಬೇವಿನ ಹಿಂಡಿ ಪುಡಿ ಮಣ್ಣಿನಲ್ಲಿ ಬೆರೆಸಿದರೆ ಅದು ನಿಧಾನವಾಗಿ ಕರಗಿ ಸಿಗುತ್ತದೆ. ಆ ಮೂರು ತಿಂಗಳು ಕರಗುವ ಪುಡಿಯ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಬಾಯಿ ಮಡಚಿ ಕ್ಲಿಪ್ ಹಾಕಿಟ್ಟ ಪೊಟ್ಟಣ ಥಂಡಿ ಹೀರಿ ಸೆಪ್ಟೆಂಬರ್ ಹೊತ್ತಿಗೆ ಕಲ್ಲುಗಟ್ಟಿರುತ್ತದೆ. ಕಲ್ಲಾದದ್ದು ಕೆಟ್ಟಿಲ್ಲ, ಕುಟ್ಟಿ ಪುಡಿ ಮಾಡಿದರೆ ಕರಗುತ್ತದೆ. ಆದರೆ ತೇವ ಹೀರಿದ್ದರಿಂದ ತೂಕ ಕೊಂಚ ತಪ್ಪುತ್ತದೆ, ಆ ವರ್ಷಕ್ಕೆ ಅದನ್ನು ಲೀಟರಿಗೆ 1 ಗ್ರಾಂಗಿಂತ ಕೊಂಚ ಹೆಚ್ಚು ಎಂದು ಹಿಡಿದುಕೊಳ್ಳಿ.